ಹೊಟ್ಟೆ ಮೇಲಿನ ಬ್ಯಾಗು, ಕೈಯಲ್ಲಿರೋ ಫೋನು

ಈ ವಾರ ಮಾತಾಡಿರುವವರು ಕನಕಪುರ ತಾಲ್ಲೂಕು ಕಬ್ಬಾಳಿನ 26 ವರ್ಷದ ಯುವಕ. ಅವರ ಕೋರಿಕೆಯಂತೆ ಹೆಸರು ಹಾಕಿಲ್ಲ. ಆಡಿಯೊದ ಬರಹ ರೂಪ ಇಲ್ಲಿದೆ.

ಇಯರ್‌ಫೋನ್ ಹಾಕ್ಕೊಂಡು ಊಟ ಮಾಡ್ತಾ ಕೇಳ್ತಿದ್ದೀರಾ? ಹಾಗಿದ್ರೆ ಮೊದಲೇ ಹೇಳಿಬಿಡ್ತೀನಿ, ಇದು ಮಲದ ವಿಷಯ. ಊಟ ಮುಗಿಸಿಕೊಂಡು ಬನ್ನಿ, ನಾನೆಲ್ಲೂ ಹೋಗಲ್ಲ.

ನಮ್ಮೂರು ಕಬ್ಬಾಳು. ಸಾತನೂರು ಹತ್ರ. ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರು ಬದಲಾಯಿಸಿದ್ರು, ಆದರೆ ನಮ್ಮವ್ವನ ಬಾಯಲ್ಲಿ ಇನ್ನೂ ರಾಮನಗರವೇ. ನೀವು ಬಂದಿದ್ರೆ ಕಬ್ಬಾಳಮ್ಮನ ಗುಡಿಗೆ ಬಂದಿರ್ತೀರಿ, ಇಲ್ಲಾಂದ್ರೆ ರೀಲ್ಸ್ ಮಾಡೋಕೆ ಬೆಟ್ಟ ಹತ್ತಿರ್ತೀರಿ. ಆ ಬೆಟ್ಟದ ಮೇಲಿನ ಕಬ್ಬಾಳದುರ್ಗದಲ್ಲಿ ಹೈದರ್, ಟಿಪ್ಪು ಕಾಲದಲ್ಲಿ ಕೈದಿಗಳನ್ನ ಇಡ್ತಿದ್ರು. ಆಪರೇಷನ್ ಆದ ಮೇಲೆ ಎರಡೂವರೆ ತಿಂಗಳು ನಾನು ಬೆಟ್ಟದ ಕೆಳಗಿನ ಕೈದಿ. ಮನೆಯಿಂದ ಹೊರಗೆ ಕಾಲಿಡಲಿಲ್ಲ.

ನಂಗೆ ಆಗಿದ್ದು ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನ ಒಳಗೋಡೆ ಹುಣ್ಣಾಗಿ ರಕ್ತ ಬರೋ ಕಾಯಿಲೆ. ಕ್ಯಾನ್ಸರ್ ಅಲ್ಲ, ಅಂಟುರೋಗನೂ ಅಲ್ಲ, ಹೊರಗಿನ ಊಟದಿಂದ ಬಂದಿದ್ದೂ ಅಲ್ಲ. ಈ ಮೂರನ್ನೂ ನಮ್ಮ ಬೀದಿಯಲ್ಲಿ ಒಬ್ಬೊಬ್ಬರಿಗೂ ಬಿಡಿಸಿ ಹೇಳಿದ್ದೀನಿ. ಎರಡು ವರ್ಷ ಮಾತ್ರೆಯಲ್ಲೇ ನಡೀತು. ಹೋದ ವರ್ಷ ಫೆಬ್ರವರಿಯಲ್ಲಿ ಮಾತ್ರೆ, ಇಂಜೆಕ್ಷನ್ ಯಾವುದಕ್ಕೂ ಬಗ್ಗಲಿಲ್ಲ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ದೊಡ್ಡ ಕರುಳನ್ನ ತೆಗೆದರು. ಸಣ್ಣ ಕರುಳಿನ ತುದೀನ ಹೊಟ್ಟೆಯ ಬಲಗಡೆ, ಹೊಕ್ಕಳಿಂದ ಸ್ವಲ್ಪ ಕೆಳಗೆ, ಹೊರಕ್ಕೆ ತಂದು ಹೊಲಿದರು. ಅದಕ್ಕೆ ಸ್ಟೋಮಾ ಅಂತಾರೆ. ಗ್ರೀಕ್ ಭಾಷೆಯಲ್ಲಿ ಬಾಯಿ ಅಂತ ಅರ್ಥ. ಅದರ ಮೇಲೆ ಅಂಟಿಸೋ ಬ್ಯಾಗಿಗೆ ಮಲ ಬಂದು ಬೀಳುತ್ತೆ. ತಡೆಹಿಡಿಯೋಕೆ ಅಲ್ಲಿ ಸ್ನಾಯು ಇಲ್ಲ. ಅದು ಕೇಳಿಕೊಂಡು ಬರಲ್ಲ, ಹೇಳಿ ಬರಲ್ಲ.

ಸಣ್ಣ ಕರುಳಿಂದ ಮಾಡಿದ್ರೆ ಇಲಿಯಾಸ್ಟಮಿ, ದೊಡ್ಡ ಕರುಳಿಂದ ಮಾಡಿದ್ರೆ ಕೊಲಾಸ್ಟಮಿ, ಮೂತ್ರಕ್ಕೆ ದಾರಿ ಮಾಡಿದ್ರೆ ಯೂರಾಸ್ಟಮಿ. ಈ ಮೂರರ ವ್ಯತ್ಯಾಸ ಬರೀ ಹೆಸರಿನದಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಡಿಸ್ಚಾರ್ಜ್ ದಿನ ಕೈಗೆ ಒಂದು ಇಂಗ್ಲಿಷ್ ಹಾಳೆ ಕೊಟ್ಟರು, ಐದು ಬ್ಯಾಗ್ ಕೊಟ್ಟರು. ಬ್ಯಾಗ್ ಬದಲಾಯಿಸೋದನ್ನ ಒಂದೇ ಒಂದು ಸಲ ತೋರಿಸಿದ್ರು. ಆಗ ನಾನು ನೋವಿನ ಮಾತ್ರೆಯ ಮಂಪರಲ್ಲಿದ್ದೆ, ನಮ್ಮವ್ವ ಅಳ್ತಾ ಗೋಡೆ ಕಡೆ ತಿರುಗಿ ನಿಂತಿದ್ಲು. ಅಂದ್ರೆ ತೋರಿಸಿದ್ದನ್ನ ನೋಡಿದವರು ಯಾರೂ ಇಲ್ಲ.

ಊರಿಗೆ ಬಂದ ಮೇಲೆ ನಮ್ಮ ವಯಸ್ಸಿನವರು ಏನು ಮಾಡ್ತೀವೋ ಅದನ್ನೇ ಮಾಡಿದೆ, ಫೋನ್ ತೆಗೆದೆ. ಕನ್ನಡದಲ್ಲಿ 'ಸ್ಟೋಮಾ' ಅಂತ ಹುಡುಕಿದೆ. ಬಂದಿದ್ದು ಏನು ಗೊತ್ತಾ? ಎಲೆ! ಪತ್ರರಂಧ್ರ, ದ್ಯುತಿಸಂಶ್ಲೇಷಣೆ, ಪಿಯುಸಿ ಬಯಾಲಜಿ ನೋಟ್ಸು. ಹೊಟ್ಟೆ ಮೇಲೆ ಕರುಳು ಇಟ್ಕೊಂಡು, ಗಿಡ ಹೇಗೆ ಉಸಿರಾಡುತ್ತೆ ಅಂತ ಓದ್ತಾ ಕೂತಿದ್ದೆ. ಇಂಗ್ಲಿಷಲ್ಲಿ ಹುಡುಕಿದ್ರೆ ವಿಡಿಯೊ ಬೇಕಾದಷ್ಟಿವೆ, ಅಲ್ಲೊಂದು ಇಲ್ಲೊಂದು ಹಿಂದೀದೂ ಸಿಕ್ತು. ಅವುಗಳನ್ನ ಸೌಂಡ್ ಆಫ್ ಮಾಡಿ, ಬರೀ ಕೈ ಏನು ಮಾಡ್ತಿದೆ ಅಂತ ನೋಡಿ ಕಲಿತೆ. ನಿಜ ಹೇಳ್ಬೇಕಂದ್ರೆ ನನ್ನ ಮೊದಲ ಡಿಜಿಟಲ್ ಚಿಕಿತ್ಸೆ ಅದೇ. ಪ್ಲೇ, ಪಾಸ್, ಹತ್ತು ಸೆಕೆಂಡ್ ಹಿಂದೆ, ಮತ್ತೆ ಪ್ಲೇ.

ಆಮೇಲೆ ಒಂದು ಆ್ಯಪ್ ಹಾಕ್ಕೊಂಡೆ. ಆಸ್ಟಮಿ ಇರೋರಿಗೇ ಮಾಡಿದ್ದು. ಇಮೇಲ್ ಕೇಳ್ತು, ಲೊಕೇಶನ್ ಕೇಳ್ತು. ಬ್ಯಾಗಲ್ಲಿ ಎಷ್ಟು ಬಂತು ಅಂತ ಔನ್ಸಲ್ಲಿ ಬರೀಬೇಕಂತೆ. ಊಟದ ಪಟ್ಟಿಯಲ್ಲಿ ಪಾಸ್ತಾ, ಆ್ಯಪಲ್ ಸಾಸ್, ಮಾರ್ಷ್‌ಮ್ಯಾಲೊ. ನಮ್ಮನೇಲಿ ಮುದ್ದೆ, ಬಸ್ಸಾರು, ಹುರುಳಿಕಾಳು. ಮುದ್ದೆಗೆ ಯಾವ ಬಟನ್ ಒತ್ತಲಿ ಹೇಳಿ? ನಾಲ್ಕು ದಿನ 'ಅದರ್' ಅಂತ ಒತ್ತಿ ಒತ್ತಿ ಸಾಕಾಗಿ ತೆಗೆದುಹಾಕಿದೆ. ಆ್ಯಪ್ ಕೆಟ್ಟದ್ದು ಅಂತ ಹೇಳ್ತಿಲ್ಲ, ಅದು ನಮ್ಮನೆ ಅಡುಗೆಮನೆಗೆ ಬಂದಿಲ್ಲ, ಅಷ್ಟೇ.

ಅದರ ಜಾಗಕ್ಕೆ ಬಂದಿದ್ದು ವಾಟ್ಸ್ಆ್ಯಪ್. ಅದರಲ್ಲಿ ನಮಗೆ ನಾವೇ ಮೆಸೇಜ್ ಕಳಿಸಿಕೊಳ್ಳಬಹುದಲ್ಲ, ಅಲ್ಲಿ ವಾಯ್ಸ್ ನೋಟ್ ಹಾಕೋಕೆ ಶುರು ಮಾಡಿದೆ. ಬ್ಯಾಗ್ ಖಾಲಿ ಮಾಡುವಾಗ ಕೈ ಕೊಳೆಯಾಗಿರುತ್ತೆ, ಟೈಪ್ ಮಾಡೋಕಾಗಲ್ಲ. ಕೈ ತೊಳೆದ ತಕ್ಷಣ 'ಬೆಳಿಗ್ಗೆ ಏಳು ಗಂಟೆ, ಇನ್ನೂರು ಎಂಎಲ್, ನೀರು ಥರ' ಅಂತ ಹೇಳಿ ಬಿಡೋದು. ಟಾಯ್ಲೆಟ್ಟಲ್ಲಿ ಅರ್ಧ ಲೀಟರಿನ ಅಳತೆ ಮಗ್ ಒಂದು ಇಟ್ಟೆ, ಅದರ ಮೇಲೆ ಮಾರ್ಕರ್‌ನಲ್ಲಿ ದೊಡ್ಡದಾಗಿ ನನ್ನ ಹೆಸರು ಬರೆದೆ. ಯಾಕೆ ಬರೆದೆ ಅಂತ ಬಿಡಿಸಿ ಹೇಳಬೇಕಿಲ್ಲ. ರಾತ್ರಿ ಎಲ್ಲಾ ಕೂಡಿಸಿ ಫೋನಿನ ನೋಟ್ಸಲ್ಲಿ ಒಂದು ಸಾಲು.

ಈ ಒಂದು ಸಾಲು ನನ್ನ ಕಿಡ್ನಿ ಉಳಿಸ್ತು. ಅದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ದೊಡ್ಡ ಕರುಳಿನ ಮುಖ್ಯ ಕೆಲಸ ನೀರು, ಉಪ್ಪು ವಾಪಸ್ ಹೀರಿಕೊಳ್ಳೋದು. ನಂಗೆ ಅದೇ ಇಲ್ಲ. ಸಣ್ಣ ಕರುಳು ಕ್ರಮೇಣ ಸ್ವಲ್ಪ ಹೊಂದಿಕೊಳ್ಳುತ್ತೆ, ಆದರೆ ಮೊದಲ ವಾರಗಳಲ್ಲಿ ಕುಡಿದಿದ್ದು ಹಾಗೇ ಹೊರಗೆ ಬರುತ್ತೆ. ದಿನಕ್ಕೆ ಅರ್ಧ ಲೀಟರಿಂದ ಒಂದು ಲೀಟರ್ ಒಳಗೆ ಬಂದ್ರೆ ಪರವಾಗಿಲ್ಲ. ಒಂದೂವರೆ ಲೀಟರ್ ದಾಟಿದ್ರೆ ಡಾಕ್ಟರಿಗೆ ಹೇಳಲೇಬೇಕು. ಇದು ನಂಗೆ ಗೊತ್ತಿರಲಿಲ್ಲ. ಹಾಳೆಯಲ್ಲಿ ಇತ್ತಂತೆ, ಎರಡನೇ ಪುಟದಲ್ಲಿ, ಇಂಗ್ಲಿಷಲ್ಲಿ.

ಮಾರ್ಚ್ ತಿಂಗಳು. ಬಂಡೆ ಕಾದು ರಾತ್ರಿ ಹತ್ತಾದ್ರೂ ಬಿಸಿ ಉಗುಳ್ತಿತ್ತು. ಬಾಯಾರಿಕೆ ಅಂದ್ರೆ ಬಾಯಾರಿಕೆ. ಅವ್ವ ದಿನಾ ನಾಲ್ಕು ಎಳನೀರು ಕೆತ್ತಿ ಕೊಡೋಳು. "ಕುಡಿಲಾ ಮಗ, ಹೊಟ್ಟೆ ತಂಪಾಯ್ತದೆ." ಮೇಲಿಂದ ನಾಲ್ಕೈದು ಲೀಟರ್ ನೀರು. ಒಂದು ಚಾಟ್‌ಬಾಟನ್ನೂ ಕೇಳಿದ್ದೆ, ಅದೂ 'ಧಾರಾಳವಾಗಿ ನೀರು ಕುಡಿಯಿರಿ' ಅಂದಿತ್ತು. ಕುಡಿದಷ್ಟೂ ಬ್ಯಾಗ್ ತುಂಬೋದು, ತುಂಬಿದಷ್ಟೂ ಬಾಯಾರಿಕೆ. ಮೂರು ದಿನದ ನೋಟ್ಸಲ್ಲಿ 1,400, 1,700, 1,950. ಮೂತ್ರ ಮಾತ್ರ ಸಾಸಿವೆ ಎಣ್ಣೆ ಬಣ್ಣ, ಅದೂ ದಿನಕ್ಕೆ ಎರಡು ಸಲ. ಎದ್ದು ನಿಂತರೆ ಕಣ್ಣು ಕತ್ತಲೆ, ರಾತ್ರಿ ಮೀನಖಂಡ ಹಿಡಿದುಕೊಳ್ಳೋದು.

ಆಸ್ಪತ್ರೆಯಲ್ಲಿ ಸ್ಟೋಮಾ ನೋಡಿಕೊಳ್ಳೋ ನರ್ಸ್ ಒಬ್ರು ತಮ್ಮ ನಂಬರ್ ಕೊಟ್ಟಿದ್ರು. ಅವರಿಗೆ ತೊಂದರೆ ಕೊಡಬಾರದು ಅಂತ ಸುಮ್ನಿದ್ದೆ. ಆ ರಾತ್ರಿ ಯಾಕೋ ಭಯ ಆಗಿ ನೋಟ್ಸಿನ ಸ್ಕ್ರೀನ್‌ಶಾಟ್ ಕಳಿಸಿದೆ. ಎರಡೇ ನಿಮಿಷಕ್ಕೆ ಫೋನ್ ಬಂತು.

"ಏನಪ್ಪಾ ಕುಡೀತಿದ್ದೀಯಾ?"

"ನೀರು ಸಿಸ್ಟರ್, ಎಳನೀರು."

"ಓಆರ್‌ಎಸ್?"

"ಅದು ಭೇದಿ ಆದಾಗ ಅಲ್ವಾ ಸಿಸ್ಟರ್?"

ಆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ, "ಈಗಲೇ ಹೊರಡು. ಬೆಳಿಗ್ಗೆವರೆಗೂ ಕಾಯಬೇಡ."

ಚಿಕ್ಕಪ್ಪನ ಗೂಡ್ಸ್ ಆಟೋದಲ್ಲಿ ಸಾತನೂರಿಗೆ, ಅಲ್ಲಿಂದ ಆಂಬುಲೆನ್ಸ್. ಕ್ರಿಯಾಟಿನಿನ್ 2.1 ಇತ್ತು. ಇನ್ನೆರಡು ದಿನ ಹೋಗಿದ್ರೆ ಡಯಾಲಿಸಿಸ್ ಮಾತಾಡಬೇಕಾಗ್ತಿತ್ತು ಅಂದ್ರು. ನಾಲ್ಕು ದಿನ ಡ್ರಿಪ್. ಅಲ್ಲಿ ಡಾಕ್ಟರ್ ಬಿಡಿಸಿ ಹೇಳಿದ್ರು: ಇಲಿಯಾಸ್ಟಮಿ ಇರೋರು ಬರೀ ನೀರೇ ಜಾಸ್ತಿ ಕುಡಿದ್ರೆ, ಆ ನೀರು ಕರುಳಿನ ಗೋಡೆಯಿಂದ ಉಪ್ಪನ್ನೂ ಎಳ್ಕೊಂಡು ಹೊರಗೆ ಬರುತ್ತೆ. ಎಳನೀರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಮ್ಮಿ, ಹಾಗಾಗಿ ಅದು ಓಆರ್‌ಎಸ್ ಜಾಗಕ್ಕೆ ಬರಲ್ಲ. ಉಪ್ಪು, ಸಕ್ಕರೆ ಎರಡೂ ಸರಿಯಾದ ಅಳತೆಯಲ್ಲಿ ಜೊತೆಗಿದ್ರೆ ಮಾತ್ರ ಕರುಳು ನೀರನ್ನ ಒಳಗೆ ಬಿಟ್ಟುಕೊಳ್ಳುತ್ತೆ. ಒಂದು ಲೀಟರಿನ ಪ್ಯಾಕೆಟ್ಟನ್ನ ಒಂದು ಲೀಟರಿಗೇ ಹಾಕಬೇಕು, ಅರ್ಧ ಲೋಟಕ್ಕಲ್ಲ. ಹೊಸ ಆಪರೇಷನ್ ಆದವರು ಮತ್ತೆ ಆಸ್ಪತ್ರೆ ಸೇರೋಕೆ ದೊಡ್ಡ ಕಾರಣ ಈ ನೀರಿನಂಶ ಕಮ್ಮಿ ಆಗೋದೇ ಅಂತೆ.

ಅವ್ವಂಗೆ ಇದನ್ನ ಹೇಳೋದು ಕಷ್ಟ ಆಯ್ತು. ಮಗನಿಗೆ ಒಳ್ಳೇದಾಗ್ಲಿ ಅಂತ ಕೆತ್ತಿದ ಎಳನೀರು. ಅವಳಿಗೆ ತಪ್ಪು ಅನ್ನೋ ಪದ ಬಳಸದೆ ಹೇಳಿದೆ. ಆದ್ರೂ ಅರ್ಥ ಮಾಡ್ಕೊಂಡ್ಲು, ಒಂದು ವಾರ ಮಚ್ಚು ಮುಟ್ಟಲಿಲ್ಲ.

ಚಾಟ್‌ಬಾಟ್ ವಿಷಯ ಇಲ್ಲೇ ಹೇಳಿ ಮುಗಿಸ್ತೀನಿ. ಆಮೇಲೆ ಅದನ್ನೇ ಸರಿಯಾಗಿ ಕೇಳಿದೆ, 'ಇಲಿಯಾಸ್ಟಮಿ ಇದೆ, ದಿನಕ್ಕೆ ಎರಡು ಲೀಟರ್ ಹೋಗ್ತಿದೆ' ಅಂತ. ಆಗ ಸರಿ ಉತ್ತರವೇ ಬಂತು. ಮೊದಲ ಸಲ ನಾನು ಕೇಳಿದ್ದು ಬರೀ 'ಆಪರೇಷನ್ ಆಗಿದೆ, ಬಾಯಾರಿಕೆ' ಅಂತ. ಏನು ಕೇಳಬೇಕು ಅಂತ ಗೊತ್ತಿದ್ದವನಿಗೆ ಅದು ಕೆಲಸಕ್ಕೆ ಬರುತ್ತೆ. ಆಗ ತಾನೇ ಆಸ್ಪತ್ರೆಯಿಂದ ಬಂದವನಿಗೆ ಏನು ಕೇಳಬೇಕು ಅನ್ನೋದೇ ಗೊತ್ತಿರಲ್ಲ.

ಈಗ ಫೋಟೊ ವಿಷಯ. ಸ್ಟೋಮಾ ಕೆಂಪಗೆ, ಒದ್ದೆಯಾಗಿ, ನಮ್ಮ ತುಟಿಯ ಒಳಗಿನ ಚರ್ಮದ ಥರ ಇರುತ್ತೆ. ಮುಟ್ಟಿದ್ರೆ ನೋವಾಗಲ್ಲ, ಅಲ್ಲಿ ನೋವಿನ ನರ ಇಲ್ಲ. ನೋವಾಗೋದು ಸುತ್ತಲಿನ ಚರ್ಮಕ್ಕೆ. ಸಣ್ಣ ಕರುಳಿಂದ ಬರೋದ್ರಲ್ಲಿ ಜೀರ್ಣರಸ ಇರುತ್ತಲ್ಲ, ಅದು ಚರ್ಮವನ್ನೂ ಜೀರ್ಣ ಮಾಡೋಕೆ ನೋಡುತ್ತೆ. ಅದಕ್ಕೇ ಬ್ಯಾಗಿನ ಅಂಟುಪಟ್ಟಿಯ ತೂತು ಸ್ಟೋಮಾಗಿಂತ ಎರಡು ಮೂರು ಮಿಲಿಮೀಟರ್ ಮಾತ್ರ ದೊಡ್ಡದಿರಬೇಕು. ಆಪರೇಷನ್ ಆದ ಆರರಿಂದ ಎಂಟು ವಾರದಲ್ಲಿ ಸ್ಟೋಮಾ ಕುಗ್ಗುತ್ತೆ. ನಾನು ಮಾತ್ರ ಮೊದಲ ದಿನದ ಅಳತೆಗೇ ಕತ್ತರಿಸ್ತಾ ಇದ್ದೆ. ಸುತ್ತ ಖಾಲಿ ಉಳಿದ ಚರ್ಮ ಬೆಂದು ಹೋಯ್ತು. ಬೆಂದ ಒದ್ದೆ ಚರ್ಮಕ್ಕೆ ಅಂಟು ಹಿಡಿಯಲ್ಲ, ಹಿಡಿಯದಿದ್ರೆ ಸೋರುತ್ತೆ, ಸೋರಿದ್ರೆ ಇನ್ನೂ ಬೇಯುತ್ತೆ. ಮೂರು ದಿನ ಇರಬೇಕಾದ ಬ್ಯಾಗು ಅರ್ಧ ದಿನಕ್ಕೆ ಕಿತ್ತು ಬರ್ತಿತ್ತು. ಒಂದು ಬ್ಯಾಗಿಗೆ ಹತ್ತಿರ ಹತ್ತಿರ 300 ರೂಪಾಯಿ.

ಸಿಸ್ಟರ್ ಫೋಟೊ ಕಳಿಸು ಅಂದ್ರು. ಕಳಿಸಿದೆ. ಟ್ಯೂಬ್‌ಲೈಟ್ ಬೆಳಕಲ್ಲಿ ಎಲ್ಲಾ ನೀಲಿ ನೀಲಿ. "ಇದರಲ್ಲಿ ಏನು ಕಾಣುತ್ತಪ್ಪಾ?" ಅಂತ ಬೈದು, ಹೇಗೆ ತೆಗೀಬೇಕು ಅಂತ ಹೇಳಿಕೊಟ್ರು. ಬೆಳಿಗ್ಗೆ ಕಿಟಕಿ ಪಕ್ಕ ನಿಂತು, ಫ್ಲ್ಯಾಶ್ ಇಲ್ಲದೆ, ಒಂದು ನೇರದಿಂದ, ಒಂದು ಪಕ್ಕದಿಂದ. ಪಕ್ಕದಲ್ಲಿ ಬಿಳಿ ಕಾಗದದ ಚೂರು ಹಿಡಿದು ಅದರ ಮೇಲೆ ಹತ್ತು ರೂಪಾಯಿ ನಾಣ್ಯ. ನಾಣ್ಯ 27 ಮಿಲಿಮೀಟರ್ ಅಗಲ, ಅದರ ಪಕ್ಕದಲ್ಲಿ ಸ್ಟೋಮಾ ಎಷ್ಟು ಅಂತ ಅಂದಾಜು ಸಿಗುತ್ತೆ. ಬಿಳಿ ಕಾಗದ ಇರೋದ್ರಿಂದ ಬಣ್ಣ ಎಷ್ಟು ಕೆಟ್ಟಿದೆ ಅನ್ನೋದೂ ಗೊತ್ತಾಗುತ್ತೆ. ತೆಗೆದ ಬ್ಯಾಗನ್ನ ಹಿಂದುಮುಂದು ಮಾಡಿ, ಅಂಟಿನ ಭಾಗದ್ದೂ ಒಂದು ಫೋಟೊ. ಎಲ್ಲಿಂದ ಸೋರಿದೆ ಅನ್ನೋದಕ್ಕೆ ಸಾಕ್ಷಿ ಅಲ್ಲೇ ಇರುತ್ತೆ. ನಂದು ಎಡ ಕೆಳಗಡೆ, ಕೂತಾಗ ಹೊಟ್ಟೆ ಮಡಿಕೆ ಬೀಳೋ ಜಾಗ. ತೂತು 38ರಿಂದ 29 ಮಿಲಿಮೀಟರಿಗೆ ಇಳೀತು, ಮಡಿಕೆಗೆ ಪೇಸ್ಟ್, ಬೆಂದ ಕಡೆ ಸ್ಟೋಮಾ ಪೌಡರ್. ಹತ್ತು ದಿನಕ್ಕೆ ಚರ್ಮ ಒಣಗ್ತು. ಬೆಂಗಳೂರಿಗೆ ಹೋಗಲಿಲ್ಲ, ಒಂದು ದಿನದ ಕೂಲಿ, ಬಸ್ ಚಾರ್ಜು ಖರ್ಚಾಗಲಿಲ್ಲ.

ಆದರೆ ಸ್ಟೋಮಾ ಕಪ್ಪಗೆ, ನೇರಳೆ ಬಣ್ಣಕ್ಕೆ ತಿರುಗಿದ್ರೆ ಫೋಟೊ ತೆಗೀತಾ ಕೂರಬೇಡಿ. ಗಂಟೆಗಟ್ಟಲೆ ಏನೂ ಬರದೆ, ಹೊಟ್ಟೆ ಹಿಂಡಿ ವಾಂತಿ ಆಗ್ತಿದ್ರೂ ಅಷ್ಟೇ. ಅದು 108ರ ಕೆಲಸ, ವಾಟ್ಸ್ಆ್ಯಪ್‌ದಲ್ಲ.

ಫೋಟೊ ತೆಗೆಯೋದು ಕಲಿತೆ, ಬಚ್ಚಿಡೋದು ಕಲಿತಿರಲಿಲ್ಲ. ಮನೆಗೆ ಬಂದ ಚಿಕ್ಕಪ್ಪನ ಮಗ, ಮದುವೆ ಫೋಟೊ ನೋಡ್ತೀನಿ ಅಂತ ನನ್ನ ಫೋನ್ ತಗೊಂಡ. ಹತ್ತು ಜನರ ಮಧ್ಯೆ, "ಇದೇನ್ಲಾ, ಕೊಳೆತ ಟೊಮೇಟೊ ಫೋಟೊ ಇಷ್ಟೊಂದು ತೆಗ್ದಿದ್ದೀಯಾ?" ಅಂದ. ನಂಗೆ ನಗು ಬಂತು, ಅವ್ವಂಗೆ ಬರಲಿಲ್ಲ. ಅವತ್ತೇ ರಾತ್ರಿ ಕೂತು ಸೆಟ್ಟಿಂಗ್ಸ್ ಬದಲಾಯಿಸಿದೆ. ಗೂಗಲ್ ಫೋಟೋಸಲ್ಲಿ ಲಾಕ್ ಮಾಡೋ ಫೋಲ್ಡರ್ ಇದೆ, ಬೆರಳಚ್ಚು ಇಟ್ಟರೆ ಮಾತ್ರ ತೆರೆಯುತ್ತೆ, ಅಲ್ಲಿಗೆ ಹಾಕಿದೆ. ಆ ಚಾಟಿನ ಫೋಟೊಗಳು ಗ್ಯಾಲರಿಗೆ ಬೀಳದ ಹಾಗೆ ವಾಟ್ಸ್ಆ್ಯಪ್‌ನಲ್ಲಿ ಆಫ್ ಮಾಡಿದೆ. ಒಂದೇ ಸಲ ನೋಡೋ ಥರ ಕಳಿಸೋ ಆಯ್ಕೆಯನ್ನ ಸಿಸ್ಟರ್ ಬೇಡ ಅಂದ್ರು, ಹೋದ ವಾರದ್ದಕ್ಕೆ ಹೋಲಿಸಿ ನೋಡ್ಬೇಕಲ್ಲ. ಇನ್ನು ಆಸ್ಟಮಿ ಗುಂಪುಗಳಿಗೆ ಸೇರಿದ್ರೆ ನಿಮ್ಮ ಮುಖ, ಹಚ್ಚೆ, ಹಿಂದಿನ ಗೋಡೆ ಕ್ಯಾಲೆಂಡರ್ ಏನೂ ಬರದ ಹಾಗೆ ನೋಡಿಕೊಳ್ಳಿ. ನಮ್ಮ ಕ್ಯಾಲೆಂಡರಲ್ಲಿ ಅಂಗಡಿ ಹೆಸರು, ಊರ ಹೆಸರು ಎರಡೂ ಇತ್ತು!

ಸರ್ಕಾರದ್ದೂ ಒಂದಷ್ಟಿದೆ. ಇ-ಸಂಜೀವಿನಿ ಅಂತ ಕೇಂದ್ರ ಸರ್ಕಾರದ ಉಚಿತ ಸೇವೆ, 2020ರಲ್ಲಿ ಕೊರೊನಾ ಲಾಕ್‌ಡೌನ್ ಸಮಯದಲ್ಲಿ ಮನೆಯಿಂದಲೇ ವಿಡಿಯೊ ಕಾಲಲ್ಲಿ ಡಾಕ್ಟರ್ ನೋಡೋ ಹಾಗೆ ಮಾಡಿದ್ರು. ಫೋನಲ್ಲಿ ಚಿಕಿತ್ಸೆ ಕೊಡೋದು ಹೇಗೆ ಅನ್ನೋ ನಿಯಮಾವಳಿ ಬಂದಿದ್ದೂ ಅದೇ ವರ್ಷ ಮಾರ್ಚ್ 25ಕ್ಕೆ. ನಾನು ಎರಡು ಸಲ ಬಳಸಿದ್ದೀನಿ. ನಮ್ಮನೆ ಒಳಗೆ ಸಿಗ್ನಲ್ ನಿಲ್ಲಲ್ಲ, ಟೆರೇಸ್ ಮೇಲೆ ಟವೆಲ್ ಹೊದ್ದು ಕೂತು ಮಾತಾಡಿದೆ. ಡಾಕ್ಟರ್ ಒಳ್ಳೆಯವರು, ಜ್ವರ, ಮಾತ್ರೆ ವಿಷಯ ಕೇಳಿ ಬರೆದುಕೊಟ್ರು. ಬ್ಯಾಗಿನ ವಿಷಯಕ್ಕೆ ಮಾತ್ರ 'ನಿಮ್ಮ ಸರ್ಜನ್ ಹತ್ರ ತೋರಿಸಿ' ಅಂದ್ರು. ಸರಿಯೇ, ಅವರು ಸ್ಟೋಮಾ ತಜ್ಞರಲ್ಲ. ಆಭಾ ಅಂತ 14 ಅಂಕಿಯ ಆರೋಗ್ಯ ನಂಬರ್ ಮಾಡಿಸಿಕೊಂಡೆ, ಅದಕ್ಕೆ ಡಿಸ್ಚಾರ್ಜ್ ಸಮರಿ, ರಿಪೋರ್ಟ್ ಸೇರಿಸಿಟ್ಟಿದ್ದೀನಿ. ಅದಕ್ಕಿಂತ ಉಪಯೋಗ ಆಗಿದ್ದು ಫೋನಿನ ಲಾಕ್ ಸ್ಕ್ರೀನಲ್ಲಿ ಎಮರ್ಜೆನ್ಸಿ ಮಾಹಿತಿ ಹಾಕಿದ್ದು: 'ಇಲಿಯಾಸ್ಟಮಿ ಇದೆ, ದೊಡ್ಡ ಕರುಳು ಇಲ್ಲ.' ಮೆಡಿಕಲ್ ಶಾಪಲ್ಲೂ ಇದನ್ನೇ ತೋರಿಸ್ತೀನಿ. ನಿಧಾನಕ್ಕೆ ಕರಗೋ ಮಾತ್ರೆ ಕೊಟ್ಟರೆ ನಮ್ಮಂಥವರಿಗೆ ಅದು ಕರಗೋ ಮೊದಲೇ ಬ್ಯಾಗಿಗೆ ಇಡಿಯಾಗಿ ಬಂದು ಬೀಳಬಹುದು.

ಕೆಲಸಕ್ಕೆ ವಾಪಸ್ ಹೋಗಿದ್ದು ಜೂನಲ್ಲಿ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಫ್ಯಾಕ್ಟರಿ. ಮೂರನೇ ದಿನವೇ ಬಸ್ಸಲ್ಲಿ ಬ್ಯಾಗ್ ಬಿಟ್ಟುಕೊಳ್ತು. ಕಿಟಕಿ ಸೀಟು, ಪಕ್ಕದಲ್ಲಿ ಕಾಲೇಜು ಹುಡುಗಿ. ಅವಳು ಮೂಗು ಮುಚ್ಚಲಿಲ್ಲ, ಏನೂ ಅನ್ನಲಿಲ್ಲ, ಎದ್ದು ಮುಂದಕ್ಕೆ ಹೋಗಿ ನಿಂತಳು, ಅಷ್ಟೇ. ಆ ಸೀಟು ಕನಕಪುರದವರೆಗೂ ಖಾಲಿ ಇತ್ತು. ಬಸ್ ತುಂಬಾ ಜನ ನಿಂತಿದ್ರು.

ಬ್ಯಾಗು ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಬೇಕು. ಭಾರ ಆದ್ರೆ ಅಂಟನ್ನ ಎಳೆಯುತ್ತೆ. ಗೊತ್ತಿತ್ತು, ಮರೆತಿದ್ದೆ. ಅವತ್ತಿಂದ ಫೋನಲ್ಲಿ ಎರಡೂವರೆ ಗಂಟೆಗೊಂದು ಅಲಾರಂ, ಸದ್ದಿಲ್ಲ, ಬರೀ ವೈಬ್ರೇಶನ್. ಹೆಸರು 'ಚಾರ್ಜ್ ಚೆಕ್'. ಯಾರಾದ್ರೂ ಸ್ಕ್ರೀನ್ ನೋಡಿದ್ರೆ ಬ್ಯಾಟರಿ ವಿಷಯ ಅನ್ಕೋಬೇಕು.

ಆಮೇಲೆ ಓದಿದೆ, ಇದೇ ತೊಂದರೆಗೆ ಬ್ರಿಟನ್ನಿನ ಮೈಕೆಲ್ ಸೆರೆಸ್ ಅನ್ನೋರು ಒಂದು ಸೆನ್ಸರ್ ಕಂಡುಹಿಡಿದ್ರಂತೆ. ಹನ್ನೆರಡನೇ ವಯಸ್ಸಿಂದ ಕ್ರೋನ್ಸ್ ಕಾಯಿಲೆ ಇದ್ದವರು, 2011ರಲ್ಲಿ ಸಣ್ಣ ಕರುಳಿನ ಕಸಿ ಮಾಡಿಸಿಕೊಂಡ್ರು, ಆ ದೇಶದಲ್ಲಿ ಅದು ಆದ 11ನೇ ವ್ಯಕ್ತಿ. ಬ್ಯಾಗ್ ತುಂಬೋದು ಗೊತ್ತಾಗದೆ ಸಾಕಾಗಿ, ವಿಡಿಯೊ ಗೇಮಿನ ಕೈಗವಸಲ್ಲಿರೋ, ಬೆರಳು ಬಗ್ಗಿದ್ದನ್ನ ಗುರುತಿಸೋ ಸೆನ್ಸರ್ ತಗೊಂಡು ಬ್ಯಾಗಿಗೆ ಕಟ್ಟಿದ್ರು. ಬ್ಯಾಗ್ ಉಬ್ಬಿದಂಗೆ ಅದು ಬಗ್ಗುತ್ತೆ, ಫೋನಿಗೆ ಸುದ್ದಿ ಹೋಗುತ್ತೆ. ಮುಂದೆ ಅದರದ್ದೇ ಕಂಪನಿ ಮಾಡಿ '11 ಹೆಲ್ತ್' ಅಂತ ಹೆಸರಿಟ್ರು. 2020ರಲ್ಲಿ ತೀರಿಕೊಂಡ್ರು. ಅಂಟಿಸೋ ಬ್ಯಾಗಿನ ಕಥೆಯೂ ಹೀಗೇನೇ. 1954ರಲ್ಲಿ ಡೆನ್ಮಾರ್ಕಿನ ಎಲಿಸ್ ಸೊರೆನ್ಸನ್ ಅನ್ನೋ ನರ್ಸ್, ಆಪರೇಷನ್ ಆದ ತನ್ನ ತಂಗಿ ಮನೆಯಿಂದ ಹೊರಗೇ ಹೋಗ್ತಿಲ್ಲ ಅಂತ ಯೋಚನೆ ಮಾಡಿದ್ದು ಅದು. ಈಗ ಸೋರೋ ಮೊದಲೇ ಫೋನಿಗೆ ಎಚ್ಚರಿಕೆ ಕೊಡೋ ಪದರಗಳೂ ಹೊರದೇಶದಲ್ಲಿ ಬಂದಿವೆ. ನಮ್ಮ ಕಡೆ ಮೆಡಿಕಲ್ ಶಾಪಲ್ಲಿ ಬ್ಯಾಗ್ ಕೇಳಿದ್ರೆ 'ಮೂತ್ರದ ಬ್ಯಾಗಾ?' ಅಂತಾರೆ. ಅದಕ್ಕೇ ಸದ್ಯಕ್ಕೆ ನಂಗೆ ಅಲಾರಂ ಸಾಕು.

ಬ್ಯಾಗ್ ಆನ್‌ಲೈನಲ್ಲೇ ತರಿಸೋದು. ಐದು ಉಳಿದಾಗ ಆರ್ಡರ್ ಹಾಕು ಅಂತ ಒಂದು ರಿಮೈಂಡರ್. ಎರಡಕ್ಕೆ ಇಳಿಯೋವರೆಗೂ ಕಾದ್ರೆ ಡೆಲಿವರಿಯವರು 'ಕಬ್ಬಾಳಾ? ನಾಳೆ ಬರ್ತೀನಿ' ಅಂತಾರೆ, ಆ ನಾಳೆ ಮೂರು ದಿನ ಆಗುತ್ತೆ. ಬೇಸಿಗೆಯಲ್ಲಿ ಬ್ಯಾಗನ್ನ ಶೀಟ್ ಮನೆ ಅಟ್ಟದ ಮೇಲೆ ಇಡಬೇಡಿ, ಅಂಟು ಕರಗುತ್ತೆ. ನಾವು ಹುಳು ಸಾಕೋ ಮನೆಯಲ್ಲಿ ಇಡ್ತೀವಿ. ರೇಷ್ಮೆ ಹುಳುವಿಗೆ ತಂಪು ಬೇಕು ಅಂತ ಒದ್ದೆ ಗೋಣಿ ಕಟ್ಟಿರ್ತೀವಲ್ಲ, ಅಲ್ಲಿ ಒಂದು ಡಬ್ಬಿಯಲ್ಲಿ.

ಇನ್ನೊಂದು ಮಾತು, ಯಾವ ಆ್ಯಪಲ್ಲೂ ಉತ್ತರ ಇಲ್ಲದ್ದು. ನಾನು ಐಸಿಯುನಲ್ಲಿದ್ದಾಗ ಅವ್ವ ಕಬ್ಬಾಳಮ್ಮಂಗೆ ಹರಕೆ ಹೊತ್ತಿದ್ಲು. ಗುಡಿ ನಮ್ಮನೆಯಿಂದ ಐದು ನಿಮಿಷ. ನಾನು ಹೋಗಲಿಲ್ಲ. ಸೊಂಟದಲ್ಲಿ ಮಲ ಕಟ್ಟಿಕೊಂಡು ಗುಡಿ ಒಳಗೆ ಹೋಗೋದು ಹೇಗೆ? ಅದನ್ನೂ ಫೋನಲ್ಲಿ ಹುಡುಕಿದ್ದೀನಿ, ನಗಬೇಡಿ. ಯಾರೋ ಹೋಗಬಹುದು ಅಂತಾರೆ, ಯಾರೋ ಸ್ನಾನ ಮಾಡಿ ಅಂತಾರೆ. ಅವ್ವಂಗೆ ಏನೂ ಹೇಳದೆ ಇವತ್ತು ನಾಳೆ ಅಂತ ತಳ್ಳಿಕೊಂಡು ಬಂದೆ. ಒಂದು ಶುಕ್ರವಾರ ಅವಳೇ ಕೇಳಿದ್ಲು, ಕಾರಣ ಹೇಳಿದೆ. "ಎಲ್ರ ಹೊಟ್ಟೇಲೂ ಅದೇ ಇರಾದು ಕಣ್ಲಾ. ನಿಂದು ಒಸಿ ಈಚೆಗದೆ," ಅಂದು ತಟ್ಟೆಗೆ ಕಾಯಿ ಇಟ್ಟಳು. ಹೋದ್ವಿ. ಸಾಲಲ್ಲಿ ನಿಂತಿದ್ದಾಗ 'ಚಾರ್ಜ್ ಚೆಕ್' ವೈಬ್ರೇಟ್ ಆಯ್ತು, ಎರಡು ಸಲ ಮುಂದಕ್ಕೆ ಹಾಕಿದೆ.

ಕೊನೆಗೆ ಒಬ್ಬರ ವಿಷಯ. ಸಿಸ್ಟರ್ ಒಂದು ದಿನ, "ನಿಮ್ಮ ಕಡೆಯವರೊಬ್ರು ಇದಾರೆ, ನಿನ್ನ ನಂಬರ್ ಕೊಡ್ಲಾ?" ಅಂತ ಕೇಳಿದ್ರು. ಸರಿ ಅಂದೆ. ಎಪ್ಪತ್ತು ದಾಟಿದ ಹಿರಿಯರು, ಕ್ಯಾನ್ಸರಿಗೆ ಗುದದ್ವಾರವನ್ನೇ ತೆಗೆದು ಶಾಶ್ವತ ಕೊಲಾಸ್ಟಮಿ ಮಾಡಿದ್ದಾರೆ. ಕೈಯಲ್ಲಿ ಕೀಪ್ಯಾಡ್ ಫೋನು. ಮೊದಲ ಕಾಲಲ್ಲಿ ನಲವತ್ತು ನಿಮಿಷ ಮಾತಾಡಿದ್ರು, ಅದರಲ್ಲಿ ಅರ್ಧ ಮಳೆ, ಮಾವಿನಕಾಯಿ ರೇಟು. ಆಮೇಲೆ ದನಿ ತಗ್ಗಿಸಿ, "ಏನಪ್ಪಾ, ನಿಂಗೂ ಈಚೇಲೇನಾ?"

"ಹೂಂ ಅಜ್ಜ, ನಂಗೂ ಈಚೇಲೇ."

"ನಿಂಗಿನ್ನೂ ಮದ್ವೆ ಆಗಿಲ್ಲ ಅಂದ್ರು ನರ್ಸಮ್ಮ..."

ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಡಾಕ್ಟರು ಮುಂದೆ ಇನ್ನೊಂದು ಆಪರೇಷನ್ ಮಾಡಿ ಬ್ಯಾಗ್ ತೆಗೀಬಹುದು ಅಂದಿದ್ದಾರೆ. ನೋಡೋಣ. ಸುಮ್ನೆ ನಕ್ಕೆ, ಅವರೂ ನಕ್ಕರು.

ಬ್ಯಾಗ್ ಮುಗಿದು ಎರಡು ವಾರದಿಂದ ಹಳೇ ಪಂಚೆ ಹರಿದು ಕಟ್ಟಿಕೊಳ್ತಿದ್ರು. ಸೊಸೆಗೆ ಹೇಳೋಕೆ ನಾಚಿಕೆ. ನಾನು ಆನ್‌ಲೈನಲ್ಲಿ ಅವರ ಹೆಸರಿಗೆ ತರಿಸಿ ಕೊಟ್ಟೆ, ದುಡ್ಡು ಸಾತನೂರಿನ ಅಂಗಡಿಯವರ ಕೈಲಿ ಕಳಿಸಿದ್ರು. ನನ್ನ ಉಪ್ಪು ನೀರಿನ ಪಾಠ ಅವರಿಗೆ ಹೇಳಲಿಲ್ಲ. ಕೊಲಾಸ್ಟಮಿಯಲ್ಲಿ ದೊಡ್ಡ ಕರುಳು ಬಹುಪಾಲು ಉಳಿದಿರುತ್ತೆ, ಮಲ ಗಟ್ಟಿ ಬರುತ್ತೆ, ಅವರ ತೊಂದರೆ ಮಲಬದ್ಧತೆ. ಜೊತೆಗೆ ಬಿಪಿ ಇದೆ, ನನ್ನ ಮಾತು ಕೇಳಿ ಉಪ್ಪು ಕುಡಿದಿದ್ರೆ ಕಥೆ ಏನಾಗ್ತಿತ್ತು! ಅದಕ್ಕೇ ಮೊದಲು ಮೂರು ಹೆಸರು ಹೇಳಿದ್ದು. ಇಂಟರ್ನೆಟ್ಟಲ್ಲಿ 'ಸ್ಟೋಮಾ ಇರೋರು ಹೀಗೆ ಮಾಡಿ' ಅಂತ ಯಾರಾದ್ರೂ ಹೇಳಿದ್ರೆ, ಯಾವ ಸ್ಟೋಮಾ ಅಂತ ಮೊದಲು ಕೇಳಿ. ಮುಂಬೈಯಲ್ಲಿ ಆಸ್ಟಮಿ ಅಸೋಸಿಯೇಷನ್ ಆಫ್ ಇಂಡಿಯಾ ಇದೆ, 1970ರ ದಶಕದಿಂದ ಇಂಥವರೇ ಸೇರಿ ನಡೆಸ್ತಿರೋದು. ಬ್ಯಾಗು, ಸಲಹೆ ಬೇಕಾದವರು ಅವರನ್ನೂ ವಿಚಾರಿಸಬಹುದು.

ಅಜ್ಜಂಗೆ ಆ್ಯಪ್ ಇಲ್ಲ, ಫೋಟೊ ಇಲ್ಲ, ಅಲಾರಂ ಇಡೋಕೂ ಬರಲ್ಲ. ನಾವಿಬ್ರೂ ಒಂದು ಒಪ್ಪಂದ ಮಾಡ್ಕೊಂಡಿದ್ದೀವಿ. ಸೋಮವಾರ, ಗುರುವಾರ ಬ್ಯಾಗ್ ಬದಲಾಯಿಸಿದ ಮೇಲೆ ಅವರು ನಂಗೆ ಒಂದು ಮಿಸ್ಡ್ ಕಾಲ್ ಕೊಡಬೇಕು. ಒಂದು ಕೊಟ್ರೆ ಎಲ್ಲಾ ಸರಿ, ಎರಡು ಕೊಟ್ರೆ ನಾನು ವಾಪಸ್ ಮಾಡ್ಬೇಕು. ಬಂದಿದ್ದನ್ನ ನನ್ನ ನೋಟ್ಸಲ್ಲಿ, ನನ್ನ ಸಾಲಿನ ಕೆಳಗೆ ಬರೆದಿಡ್ತೀನಿ.

ಹೋದ ಗುರುವಾರ ಬರಲಿಲ್ಲ. ಸಂಜೆವರೆಗೂ ಕಾದೆ, ಆರು ಗಂಟೆಗೆ ನಾನೇ ಮಾಡಿದೆ. ನಾಲ್ಕು ಸಲ ರಿಂಗ್ ಆಗಿ ಎತ್ತಿದ್ರು. ಹಿಂದೆ ಟಿವಿ ಜೋರಾಗಿ ಓಡ್ತಿತ್ತು.

"ಅಜ್ಜ, ಯಾಕೆ ಕಾಲ್ ಬರಲಿಲ್ಲ?"

"ಕರೆನ್ಸಿ ಮುಗ್ದೋಗದೆ ಕಣಪ್ಪಾ. ಬ್ಯಾಗು ಸರ್ಯಾಗದೆ. ನೀನೇ ಹಾಕ್ಸ್ಬುಡು ಒಸಿ."

ಹಾಕಿಸಿದೆ. ಐದು ನಿಮಿಷಕ್ಕೆ ಒಂದು ಮಿಸ್ಡ್ ಕಾಲ್ ಬಂತು.